ಬೇಣದಲ್ಲಿ ಬಗ್ಗಿ

ಡಿಸೆಂಬರ್ ತಿಂಗಳಲ್ಲಿ ಅಂಕೋಲೆಯ ಬೇಣದ ಹುಲ್ಲು ಬೆಳಿಗ್ಗೆ ಏಳು ಗಂಟೆಗೆ ಒಂದು ಬಗೆ, ಹತ್ತು ಗಂಟೆಗೆ ಇನ್ನೊಂದು ಬಗೆ. ಏಳಕ್ಕೆ ಅದು ಮಂಜು ಕುಡಿದು ಮೈಚೆಲ್ಲಿರುತ್ತದೆ. ಹವಾಯಿ ಚಪ್ಪಲಿ ಹಾಕಿ ನಡೆದರೆ ಹಲ್ಲು ಮುರಿಯುವ ಭಯ. ಹತ್ತಕ್ಕೆ ಬಿಸಿಲು ಬಿದ್ದು ಅದೇ ಹುಲ್ಲು ಸೆಟೆದು ನಿಂತಿರುತ್ತದೆ. ಚಪ್ಪಲಿ ಬಿಟ್ಟು ನಡೆದರೆ ಅಂಗಾಲಿಗೆ ಚುಚ್ಚುತ್ತದೆ. ದನ ಬಿಡುವವರಿಗೆ, ಹುಲ್ಲು ಕೊಯ್ಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಿಮೋಟ್ ಕಾರು ಓಡಿಸುವವರಿಗೆ ಮಾತ್ರ ಪ್ರತಿ ಭಾನುವಾರ ಹೊಸದಾಗಿ ಗೊತ್ತಾಗುತ್ತದೆ. ಏಳು ಗಂಟೆಗೆ ತಿರುವಿನಲ್ಲಿ ಹಿಂಭಾಗ ಬೀಸಿ ಗಿರಗಿರನೆ ಸುತ್ತಿದ ಬಗ್ಗಿ, ಹತ್ತು ಗಂಟೆಗೆ ಅದೇ ತಿರುವಿನಲ್ಲಿ ಹುಲ್ಲನ್ನು ಕಚ್ಚಿ ಹಿಡಿದು, ಹಿಡಿದ ಕಾರಣಕ್ಕೇ ಪಲ್ಟಿ ಹೊಡೆಯುತ್ತದೆ. ಹುಲ್ಲು ಬಿಟ್ಟರೂ ಕಷ್ಟ, ಹಿಡಿದರೂ ಕಷ್ಟ.

ರಿಮೋಟ್ ಕಾರು ಎಂದಾಕ್ಷಣ ಹಬ್ಬದ ಪೇಟೆಯಲ್ಲಿ ಕೊಂಡು, ಮನೆ ಮುಟ್ಟುವಷ್ಟರಲ್ಲಿ ಒಂದು ಚಕ್ರ ಕಳೆದುಕೊಳ್ಳುವ ಆಟಿಕೆ ಕಣ್ಣ ಮುಂದೆ ಬರುವುದು ಸಹಜ. ನಮ್ಮ ಬಂಡಿಹಬ್ಬದ ಅಂಗಡಿಗಳಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ನಾನು ಹೇಳುತ್ತಿರುವುದು ಬೇರೆ ಜಾತಿಯದು. ರೇಸಿಂಗ್ ಬಗ್ಗಿಯ ಹತ್ತರಲ್ಲೊಂದು ಅಳತೆ, ಸುಮಾರು ಒಂದೂವರೆ ಕಿಲೋ ತೂಕ, ಮೊಳಕ್ಕಿಂತ ತುಸು ಗಿಡ್ಡ. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಶಾಕಪ್ಪು, ಹಿಂದೆ ಡಿಫರೆನ್ಷಿಯಲ್, ಮೇಲೊಂದು ರೆಕ್ಕೆ. ಅದರ ಪ್ರತಿಯೊಂದು ಕೋನವನ್ನೂ ಸ್ಕ್ರೂ ತಿರುಗಿಸಿ ಬದಲಿಸಬಹುದು. ಅದರ ಸೊಗಸೂ ಇದೇ, ಶಾಪವೂ ಇದೇ. ನನ್ನ ಅಕ್ಕನ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ಇದರ ಹುಚ್ಚು ಹತ್ತಿಸಿಕೊಂಡ. ಕೆಲಸ ಸಿಕ್ಕಿದ್ದೇ ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ, ತನಗೊಂದು ಬಗ್ಗಿ ತಂದ. ಯಾವುದಕ್ಕೆ ಹೆಚ್ಚು ಕೊಟ್ಟ ಎಂಬುದನ್ನು ಅಕ್ಕನಿಗೆ ಇವತ್ತಿಗೂ ನಾವು ಹೇಳಿಲ್ಲ. ಅವನು ರಜೆಗೆ ಬಂದಾಗಲೆಲ್ಲ ಬಗ್ಗಿ ಬೇಣಕ್ಕಿಳಿಯುತ್ತದೆ. ಅವನಿಲ್ಲದಾಗ ಅದರ ಪಾರುಪತ್ಯ ನನ್ನದು. ಶಾಲೆಯಿಂದ ನಿವೃತ್ತನಾದ ಮಾಸ್ತರನಿಗೆ ಯಾವುದಾದರೂ ಒಂದು ಪಾರುಪತ್ಯ ಬೇಕೇ ಬೇಕು.

ತಂತಿಯಿಲ್ಲದೆ ದೂರದಿಂದ ವಾಹನ ನಡೆಸಬಹುದೆಂದು ನಿಕೊಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ಓಡಿಸಿ ತೋರಿಸಿದ. ಪುಣ್ಯಾತ್ಮ ನೀರನ್ನು ಆರಿಸಿಕೊಂಡ. ಹುಲ್ಲನ್ನು ಆರಿಸಿಕೊಂಡಿದ್ದರೆ ಪ್ರದರ್ಶನದ ಅರ್ಧ ಹೊತ್ತು ಅಚ್ಚಿಗೆ ಸುತ್ತಿದ ನಾರು ಬಿಡಿಸುವುದರಲ್ಲೇ ಹೋಗುತ್ತಿತ್ತು. ಹುಲ್ಲಿಗೆ ಇಳಿಯುವ ಧೈರ್ಯ ಬಂದದ್ದು ಬಹಳ ಮುಂದೆ. ಜಪಾನಿನ ಶಿಝುವೋಕಾದ ತಮಿಯಾ ಕಂಪನಿ 1984ರಲ್ಲಿ ಒಂದು ಅಗ್ಗದ ಬಗ್ಗಿ ತಂದು ಅದಕ್ಕೆ ಗ್ರಾಸ್‌ಹಾಪರ್ ಎಂದೇ ಹೆಸರಿಟ್ಟಿತು. ಹೆಸರಿಗೆ ತಕ್ಕಂತೆ ಅದು ಮಿಡತೆಯ ಹಾಗೆ ಕುಪ್ಪಳಿಸುತ್ತಿತ್ತು ಕೂಡ. ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿನ ಮೇಲಿದ್ದರೆ ಇನ್ನೇನಾಗುತ್ತದೆ? ಇಂಗ್ಲೆಂಡಿನಲ್ಲಿ ಮಳೆ ಹೆಚ್ಚು, ಹುಲ್ಲು ಹೆಚ್ಚು. ಅಲ್ಲಿನ ಕ್ಲಬ್ಬುಗಳು ಮೈದಾನದ ಹುಲ್ಲು ಕತ್ತರಿಸಿ, ಪೈಪು ಹಾಸಿ ಟ್ರ್ಯಾಕು ಮಾಡಿಕೊಂಡವು. 1987ರಲ್ಲಿ ಈ ಅಳತೆಯ ಬಗ್ಗಿಗಳ ವಿಶ್ವ ಚಾಂಪಿಯನ್‌ಷಿಪ್ಪು ಅದೇ ಇಂಗ್ಲೆಂಡಿನ ರಾಮ್ಸಿಯಲ್ಲಿ ನಡೆದು, ನಾಲ್ಕೂ ಚಕ್ರ ಎಳೆಯುವ ವಿಭಾಗದಲ್ಲಿ ಜಪಾನಿನ ಹದಿಹರೆಯದ ಮಸಾಮಿ ಹಿರೊಸಾಕಾ ಗೆದ್ದ. ನಮ್ಮ ಅಳಿಯನಿಗೆ ಆತ ಕುಲದೇವರಿಗಿಂತ ಒಂದು ಮೆಟ್ಟಿಲು ಕೆಳಗೆ.

ಅಂಕೋಲೆಯಲ್ಲಿ ಸಪಾಟು ನೆಲ ಎಂಬುದು ದೊಡ್ಡ ಆಸ್ತಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿ. ನಡುವೆ ಉಳಿದ ಪಟ್ಟಿಯಲ್ಲೇ ಗದ್ದೆ, ತೋಟ, ಮನೆ, 1998ರಿಂದ ಓಡುತ್ತಿರುವ ಕೊಂಕಣ ರೈಲು, ಚತುಷ್ಪಥವಾದ ಹೆದ್ದಾರಿ ಎಲ್ಲವೂ ಆಗಬೇಕು. ಕಾರವಾರದ ಕಡೆ ಹೋದರೆ ಸೀಬರ್ಡ್ ನೌಕಾನೆಲೆ. ಅಲಗೇರಿಯ ಕಡೆ ಹೋದರೆ ವಿಮಾನ ನಿಲ್ದಾಣದ ಮಾತು. ಜೈಹಿಂದ್ ಮೈದಾನ ಚೆಂಡಾಡುವ ಹುಡುಗರದ್ದು. ಅಲ್ಲಿ ನಮ್ಮ ಬಗ್ಗಿಗೆ ಸಲ್ಲುವ ಜಾಗವೆಂದರೆ ಬೌಂಡರಿಯಾಚೆ. ಹಾಗಾಗಿ ನಮಗೆ ಉಳಿದದ್ದು ಬೇಣ. ಗದ್ದೆ ಮುಗಿದು ಗುಡ್ಡ ಏರತೊಡಗುವಲ್ಲಿ, ದನದ ಮೇವಿಗೆಂದು ಬಿಟ್ಟ ಹುಲ್ಲಿನ ನೆಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿಗೆ ಕಾಲಿಡುವ ಹಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಊರು ಇದು. ಮಳೆ ಹಿಂದೆಗೆದ ಮೇಲೆ ಕರಡದ ಹುಲ್ಲು ಸೊಂಟದ ತನಕ ಬೆಳೆದು ನಿಂತಿರುತ್ತದೆ. ಅದನ್ನು ಕೊಯ್ದು ಹೊರೆ ಕಟ್ಟಿ ಸಾಗಿಸಿದ ಮೇಲೆ, ಎರಡು ಮೂರು ಬೆರಳು ಎತ್ತರದ ಕೂಳೆ, ನಡುನಡುವೆ ಗರಿಕೆಯ ತೇಪೆ, ಅಲ್ಲಲ್ಲಿ ತಲೆಯೆತ್ತಿದ ಚಿರೇಕಲ್ಲು, ಇಷ್ಟು ಉಳಿಯುತ್ತದೆ. ನಮ್ಮ ಓಟದ ಕಾಲ ಅದೇ. ಫೆಬ್ರುವರಿ ದಾಟಿದರೆ ಹುಲ್ಲು ಸುಟ್ಟು ಕೆಮ್ಮಣ್ಣು ಏಳುತ್ತದೆ.

ಟ್ರ್ಯಾಕು ಮಾಡುವುದಕ್ಕೆ ನಮಗೆ ಇಂಗ್ಲೆಂಡಿನ ಪೈಪು ಬೇಕಾಗಲಿಲ್ಲ. ತೋಟಕ್ಕೆ ನೀರು ಬಿಡುವ ಹಳೆಯ ಕಪ್ಪು ಪೈಪು ಉದ್ದಕ್ಕೆ, ತಿರುವಿಗೆ ತೆಂಗಿನ ಮಡಲು, ಮೂಲೆಯ ಗುರುತಿಗೆ ಬೆಲೇಕೇರಿ ದಂಡೆಯಲ್ಲಿ ಎಸೆದಿದ್ದ ಬಲೆಯ ಬೆಂಡು. ಮಡಲಿನ ಗುಣ ಏನೆಂದರೆ, ಬಗ್ಗಿ ಬಂದು ಗುದ್ದಿದರೆ ತಾನೂ ಮುರಿಯುವುದಿಲ್ಲ, ಬಗ್ಗಿಯನ್ನೂ ಮುರಿಯುವುದಿಲ್ಲ. ಕೂಳೆಯನ್ನು ಇನ್ನಷ್ಟು ತಗ್ಗಿಸಲು ಅಡಿಕೆ ತೋಟದ ಕಳೆ ಹೊಡೆಯುವ ಮಿಷನ್ನು ತರಿಸಿದ್ದೆವು. ಪಕ್ಕದ ಬೇಣದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಅದರ ಸದ್ದಿಗೆ ಎದ್ದು ಬಂದಳು. ಸ್ವಲ್ಪ ಹೊತ್ತು ನೋಡಿ, “ಮಂಜು ಇದ್ದಾಗ್ಲೇ ಹುಲ್ಲು ಕೊಯ್ಯೂದು ಸುಲಭ ತಮ್ಮಾ, ಬಿಸ್ಲು ಬಂದ್ರೆ ಅದು ಸೆಡ್ಡು ಹೊಡೀತದೆ” ಅಂದಳು. ನಾವು ಬಗ್ಗಿಯ ಟೈರಿನ ಬಗ್ಗೆ ಆಮೇಲೆ ಏನೆಲ್ಲ ಕಲಿತೆವೋ ಅದರ ಬೀಜ ಈ ಮಾತಿನಲ್ಲಿತ್ತು. ಅಜ್ಜಿ ಹೇಳಿದ್ದು ಕತ್ತಿಯ ಬಗ್ಗೆ.

ಬಗ್ಗಿ ಕಂಡ ಹುಡುಗರು ಕೇಳುವ ಮೊದಲ ಪ್ರಶ್ನೆ, ಎಷ್ಟು ಸ್ಪೀಡು? ಎರಡನೆಯದು, ಇದಕ್ಕಿಂತ ಜೋರಿನ ಮೋಟಾರು ಹಾಕಿದರೆ ಎಷ್ಟು ಸ್ಪೀಡು? ಡಾಂಬರಿನ ಮೇಲೆ ಈ ಪ್ರಶ್ನೆಗೆ ಅರ್ಥ ಉಂಟು. ಹುಲ್ಲಿನ ಮೇಲೆ ಇಲ್ಲ. ಹುಲ್ಲು ಪ್ರತಿ ಕ್ಷಣವೂ ಬಗ್ಗಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಮೋಟಾರು ದಿನವಿಡೀ ಘಟ್ಟ ಹತ್ತಿದ ಹಾಗೆಯೇ ಲೆಕ್ಕ. ಜೋರಿನ ಮೋಟಾರು ಹಾಕಿದರೆ ಆ ಜೋರೆಲ್ಲ ಶಾಖವಾಗಿ ಹೋಗುತ್ತದೆ, ಅದರ ಹಿಂದೆಯೇ ಬ್ಯಾಟರಿಯೂ ಬರಿದಾಗುತ್ತದೆ. 7.4 ವೋಲ್ಟಿನ ಲಿಥಿಯಂ ಬ್ಯಾಟರಿಯ ಒಂದೊಂದು ಸೆಲ್ಲೂ ಮೂರು ವೋಲ್ಟಿಗಿಂತ ಕೆಳಗಿಳಿದರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಮಾಡಬೇಕಾದ್ದು ಸರಳ: ಮೋಟಾರಿನ ತುದಿಯ ಪಿನಿಯನ್ನನ್ನು ಒಂದೆರಡು ಹಲ್ಲು ಚಿಕ್ಕದಕ್ಕೆ ಬದಲಿಸುವುದು. ತುಟ್ಟತುದಿಯ ವೇಗ ಕಡಿಮೆಯಾಗುತ್ತದೆ, ತಿರುವಿನಿಂದ ಹೊರಬರುವ ಎಳೆತ ಹೆಚ್ಚುತ್ತದೆ, ಮೋಟಾರು ತಣ್ಣಗಿರುತ್ತದೆ. ನಮ್ಮ ಟ್ರ್ಯಾಕಿನಲ್ಲಿ ಉದ್ದದ ನೇರ ದಾರಿ ಎಂದರೆ ನಾಲ್ಕು ತೆಂಗಿನಮರದ ಅಂತರ; ತುಟ್ಟತುದಿಯ ವೇಗ ತೆಗೆದುಕೊಂಡು ಯಾರಿಗೆ ಏನಾಗಬೇಕು?

ಹುಲ್ಲಿನ ಓಟದಲ್ಲಿ ಮೊದಲ ಮಾತೂ ಟೈರು, ಕೊನೆಯ ಮಾತೂ ಟೈರು. ನಡುವೆ ಬರುವುದೆಲ್ಲ ಟೈರಿಗೆ ಅದರ ಕೆಲಸ ಮಾಡಲು ಬಿಡುವ ಏರ್ಪಾಡು ಅಷ್ಟೇ. ಡಾಂಬರಿನ ಮೇಲೆ ರಬ್ಬರು ನೆಲಕ್ಕೆ ಅಂಟಿ ಹಿಡಿಯುತ್ತದೆ. ಹುಲ್ಲಿನ ಮೇಲೆ ಅಂಟಲು ಏನಿದೆ? ಎಸಳುಗಳ ಸಂದಿಯಲ್ಲಿ ಇಳಿದು ಬುಡಕ್ಕೋ ಮಣ್ಣಿಗೋ ಊರಿಕೊಳ್ಳಬೇಕು. ಅದಕ್ಕೇ ಹುಲ್ಲಿನ ಟೈರಿಗೆ ಮೈತುಂಬ ಮುಳ್ಳು. ಮಂಜು ಬಿದ್ದ ಎಸಳುಗಳು ಒಂದರ ಮೇಲೊಂದು ಒರಗಿ, ನೀರಿನ ಪದರ ಹೊದ್ದಿರುವಾಗ ಗಿಡ್ಡ ಮುಳ್ಳು ಅದರ ಮೇಲೆಯೇ ಜಾರಿಹೋಗುತ್ತದೆ. ಉದ್ದ ಮುಳ್ಳೇ ಬೇಕು. ಬಿಸಿಲು ಬಿದ್ದು ಹುಲ್ಲು ಸೆಟೆದಾಗ ಅದೇ ಉದ್ದ ಮುಳ್ಳು ಅತಿಯಾಗುತ್ತದೆ. ತಿರುವಿನಲ್ಲಿ ಹೊರಗಿನ ಎರಡು ಚಕ್ರಗಳು ಹುಲ್ಲಿಗೆ ಸಿಕ್ಕಿಕೊಂಡು ನಿಂತುಬಿಡುತ್ತವೆ, ಮೇಲಿನ ಮೈ ನಿಲ್ಲದೆ ಉರುಳುತ್ತದೆ. ಹಿಡಿತ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರನ್ನು ನಾನು ಹತ್ತು ಗಂಟೆಯ ಮೇಲೆ ಬೇಣಕ್ಕೆ ಕರೆಯುತ್ತೇನೆ.

ಎರಡೆರಡು ಜೊತೆ ಟೈರು ಇಟ್ಟುಕೊಳ್ಳುವ ಶ್ರೀಮಂತಿಕೆ ಇಲ್ಲದವರು ನೇಲ್ ಕಟರ್ ಇಟ್ಟುಕೊಳ್ಳಬೇಕು. ಹೊರಗಿನ ಸಾಲಿನ ಮುಳ್ಳುಗಳನ್ನು ಅರ್ಧಕ್ಕೆ ಕತ್ತರಿಸಿದರೆ, ಬಗ್ಗಿ ವಾಲಿದಾಗ ಮಾತ್ರ ನೆಲಕ್ಕೆ ತಾಗುವ ಆ ಸಾಲು ಕಚ್ಚುವುದನ್ನು ಬಿಟ್ಟು ಜಾರುತ್ತದೆ, ಪಲ್ಟಿ ತಪ್ಪುತ್ತದೆ. ಅಳಿಯ ಇದಕ್ಕಿಂತಲೂ ನಾಜೂಕಿನ ಉಪಾಯ ಬಲ್ಲ. ಮುಂದಿನ ಟೈರಿನ ಪಕ್ಕದ ಗೋಡೆಗೆ ಫೆವಿಕ್ವಿಕ್ ಸವರಿ ಒಣಗಿಸುತ್ತಾನೆ. ಗೋಡೆ ಗಟ್ಟಿಯಾಗಿ ಅಲ್ಲಿ ಹಿಡಿತ ಸಾಯುತ್ತದೆ. ಅವನು ಸವರಿದ ದಿನ ಮನೆಯಲ್ಲಿ ಯಾವುದೋ ಒಂದು ಬೆರಳು ಇನ್ನೊಂದಕ್ಕೆ ಅಂಟಿರುತ್ತದೆ, ಅಕ್ಕ ಬಿಸಿನೀರು ಕಾಯಿಸುತ್ತಿರುತ್ತಾಳೆ.

ಈ ಟೈರುಗಳಲ್ಲಿ ಗಾಳಿ ಇಲ್ಲ ಎಂದರೆ ಪಂಕ್ಚರ್ ಅಂಗಡಿಯವನು ನಂಬುವುದಿಲ್ಲ. ಒಳಗೆ ಸ್ಪಂಜಿನ ಬಳೆ ಇರುತ್ತದೆ. ರಬ್ಬರು ಎಷ್ಟು ಮೆತ್ತಗೆ ಎಂಬುದಕ್ಕಿಂತ ಒಳಗಿನ ಸ್ಪಂಜು ಎಷ್ಟು ಮೆತ್ತಗೆ ಎಂಬುದು ಎಷ್ಟೋ ಸಲ ದೊಡ್ಡದು. ಮೆತ್ತನೆ ಸ್ಪಂಜಿದ್ದರೆ ಟೈರು ಉಬ್ಬು ತಗ್ಗಿನ ಮೇಲೆ ತಾನೇ ಕುಗ್ಗಿ ಹಿಗ್ಗಿ ಮುಳ್ಳನ್ನು ನೆಲದಲ್ಲಿ ಇಟ್ಟುಕೊಳ್ಳುತ್ತದೆ. ತೊಂದರೆ ಮಂಜಿನದು. ರಿಮ್ಮಿನಲ್ಲಿ ಗಾಳಿ ಆಡಲೆಂದು ಬಿಟ್ಟ ತೂತಿನೊಳಗೆ ನೀರು ಹೋಗಿ ಸ್ಪಂಜು ನೆನೆದರೆ ಒಂದೊಂದು ಚಕ್ರ ಒಂದೊಂದು ತೂಕ. ವೇಗ ಏರಿದಂತೆ ಬಗ್ಗಿ ಚಳಿಜ್ವರ ಬಂದಂತೆ ನಡುಗುತ್ತದೆ. ರಿಮ್ಮಿನ ತೂತಿಗೆ ಟೇಪು ಅಂಟಿಸಿ, ಟೈರಿನ ಮೈಯಲ್ಲೇ ಎರಡು ಚಿಕ್ಕ ತೂತು ಹೊಡೆದರೆ ಒಳಹೋದ ನೀರು ಚಕ್ರ ತಿರುಗುವ ರಭಸಕ್ಕೆ ಹೊರಗೆ ಚಿಮ್ಮುತ್ತದೆ. ಹೊಸ ಟೈರಿಗೆ ನಾವೇ ತೂತು ಹೊಡೆಯಲು ಗಟ್ಟಿ ಎದೆ ಬೇಕು, ಅದರ ಬಿಲ್ಲು ನೋಡಿದವರಿಗಂತೂ ಇನ್ನೂ ಗಟ್ಟಿ.

ಶಾಕಪ್ಪಿನ ವಿಷಯದಲ್ಲಿ ನನಗೆ ಗುರು ಸಿಕ್ಕಿದ್ದು ಹುಬ್ಬಳ್ಳಿ ರಸ್ತೆಯಲ್ಲಿ. ಅದಿರು ಲಾರಿಗಳು ಹಗಲು ರಾತ್ರಿ ಬೆಲೇಕೇರಿ ಬಂದರಿಗೆ ಸಾಲುಗಟ್ಟಿದ್ದ ಕಾಲದಲ್ಲಿ ಕಮಾನು ಬದಲಿಸುವುದರಲ್ಲೇ ಕೈ ಪಳಗಿಸಿಕೊಂಡ ಹಿರಿಯ ಮೇಸ್ತ್ರಿ ಅವರು. ಬಗ್ಗಿಯನ್ನು ಕೈಯಲ್ಲಿ ಹಿಡಿದು, ಮಗುವಿನ ಕಾಲು ನೋಡುವ ಡಾಕ್ಟರರಂತೆ ಒಂದೊಂದೇ ಚಕ್ರ ಒತ್ತಿ ನೋಡಿದರು.

“ಸ್ಪ್ರಿಂಗು ಯಾರು ಹಾಕಿದ್ದು ಮಾಸ್ತರ್ರೆ?”

“ಕಂಪನಿಯದೇ. ರೇಸಿಗೆ ಅಂತ ಗಟ್ಟಿ ಇರೂದು.”

“ಖಾಲಿ ಲಾರಿ ಅರಬೈಲ್ ಘಟ್ಟ ಇಳೂದು ನೋಡೀರಲ್ಲ? ಹಿಂದಿನ ಚಕ್ರ ನೆಲದ ಮೇಲೆ ಇರೂದೇ ಇಲ್ಲ, ಬರೀ ಹಾರ್ತದೆ. ಅದರ ಕಮಾನು ಹತ್ತು ಟನ್ನಿಗೆ ಮಾಡಿದ್ದು. ಭಾರ ಇಲ್ದೆ ಇದ್ರೆ ಅದು ಬಗ್ಗೂದು ಹೆಂಗೆ? ನಿಮ್ಮ ಗಾಡಿ ಒಂದೂವರೆ ಕಿಲೋ. ಇದಕ್ಕೆ ಇಂಥಾ ಸ್ಪ್ರಿಂಗು ಎಂತಕ್ಕೆ?”

ರೇಸು ಎಂದರೆ ಬಿಗಿ ಎಂಬ ನಂಬಿಕೆ ಟಿವಿಯಲ್ಲಿ ಫಾರ್ಮುಲಾ ಒನ್ ನೋಡಿದ ಎಲ್ಲರಲ್ಲೂ ಇದೆ. ಕನ್ನಡಿಯಂಥ ನೆಲಕ್ಕೆ ಅದು ಸರಿ. ಹುಲ್ಲಿನ ಕೆಳಗಿನ ನೆಲ ಕನ್ನಡಿಯಲ್ಲ. ದನದ ಗೊರಸು, ಎರೆಹುಳದ ಗುಪ್ಪೆ, ಕಿತ್ತ ಕಳೆಯ ಗುಂಡಿ ಎಲ್ಲ ಅಲ್ಲೇ ಅಡಗಿ ಕೂತಿರುತ್ತವೆ. ಹತ್ತರಲ್ಲೊಂದು ಅಳತೆಯ ಬಂಡಿಗೆ ಗೊರಸಿನ ಗುಂಡಿ ಎಂದರೆ ದೊಡ್ಡ ಕಾರಿಗೆ ಮೊಳಕಾಲುದ್ದದ ಹೊಂಡ. ಅದಕ್ಕೇ ಸ್ಪ್ರಿಂಗು ಮೆತ್ತಗಿರಬೇಕು, ಶಾಕಪ್ಪಿನ ಎಣ್ಣೆ ತೆಳ್ಳಗಿರಬೇಕು. ಸ್ಪ್ರಿಂಗಿನ ಕೆಲಸ ಮೈಯನ್ನು ಹೊತ್ತು ನಿಲ್ಲುವುದು. ಎಣ್ಣೆಯ ಕೆಲಸ, ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವಾಗ ಅವಸರ ಮಾಡದಂತೆ ತಡೆಯುವುದು. ಸಿಲಿಕೋನ್ ಎಣ್ಣೆಯ ಬಾಟಲಿಯ ಮೇಲೆ 300, 350, 400 ಎಂದು ಅಂಕಿ ಇರುತ್ತದೆ. ಅಂಕಿ ಏರಿದಂತೆ ಎಣ್ಣೆ ದಪ್ಪ. ಬೇಣಕ್ಕೆ ನಾವು ಕೆಳಗಿನ ಅಂಕಿಗಳಲ್ಲೇ ಆಟವಾಡುತ್ತೇವೆ. ಪರೀಕ್ಷೆಗೆ ಯಂತ್ರ ಬೇಡ. ಬಗ್ಗಿಯನ್ನು ಗೇಣೆತ್ತರದಿಂದ ಹುಲ್ಲಿನ ಮೇಲೆ ಕೈಬಿಡಿ. ಬಿದ್ದು, ಒಮ್ಮೆ ಕುಕ್ಕರಿಸಿ, ಎದ್ದು ತನ್ನ ಎತ್ತರಕ್ಕೆ ನಿಂತರೆ ಸರಿ. ಚೆಂಗನೆ ನೆಗೆದರೆ ಎಣ್ಣೆ ತೆಳುವಾಯಿತು. ಕುಕ್ಕರಿಸಿದ್ದು ಏಳಲು ಮರೆತರೆ ದಪ್ಪವಾಯಿತು.

ಎತ್ತರದ ಲೆಕ್ಕವೂ ಹೀಗೆಯೇ. ಒಳಾಂಗಣದ ರತ್ನಗಂಬಳಿಯ ಮೇಲೆ ಓಡುವ ಬಗ್ಗಿಯ ಹೊಟ್ಟೆ ನೆಲದಿಂದ ಹದಿನೈದು ಮಿಲಿಮೀಟರು ಆಚೀಚೆ ಇದ್ದರೆ ಸಾಕು. ನಮ್ಮದಕ್ಕೆ ಇಪ್ಪತ್ತೈದರ ಸುತ್ತಮುತ್ತ ಬೇಕು, ಇಲ್ಲದಿದ್ದರೆ ಅದು ಓಡುವುದಿಲ್ಲ, ಹುಲ್ಲು ಕೆರೆಯುತ್ತದೆ. ಎತ್ತರಿಸಿದರೆ ಉರುಳುವ ಭಯ ಹೆಚ್ಚು, ತಗ್ಗಿಸಿದರೆ ಸಿಕ್ಕಿಬೀಳುವ ಭಯ ಹೆಚ್ಚು. ಎಡಬಲ ವಾಲುವುದನ್ನು ತಡೆಯುವ ತಂತಿಯಂಥ ಸರಳೊಂದಿದೆ, ಆ್ಯಂಟಿರೋಲ್ ಬಾರ್. ಅದನ್ನು ಬೆಳಿಗ್ಗೆ ಕಳಚಿಡುತ್ತೇವೆ, ಬಿಸಿಲೇರಿದ ಮೇಲೆ ಮುಂದಕ್ಕೆ ಮಾತ್ರ ಹಾಕುತ್ತೇವೆ. ಬ್ಯಾಟರಿಯನ್ನು ಮಂಜಿದ್ದಾಗ ಹಿಂದಕ್ಕೆ ಸರಿಸಿ ಎಳೆಯುವ ಚಕ್ರಗಳ ಮೇಲೆ ಭಾರ ಹಾಕುತ್ತೇವೆ, ಒಣಗಿದ ಮೇಲೆ ಮುಂದಕ್ಕೆ.

ಡಿಫರೆನ್ಷಿಯಲ್ಲಿನ ವಿಷಯ ಬಂದಾಗ ಮಾತ್ರ ಅಳಿಯನಿಗೂ ಮೇಸ್ತ್ರಿಗೂ ಜಗಳ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಕೊಡುವುದು ಡಿಫರೆನ್ಷಿಯಲ್. ಆದರೆ ಅದಕ್ಕೊಂದು ಕೆಟ್ಟ ಬುದ್ಧಿ ಇದೆ. ಯಾವ ಚಕ್ರ ಸಡಿಲವಾಗಿ ತಿರುಗುತ್ತದೋ ಓಟವನ್ನೆಲ್ಲ ಅದಕ್ಕೇ ಬಿಟ್ಟುಕೊಡುತ್ತದೆ. ಒಳಗಿನ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿದ್ದರೆ ಅದು ಸುಮ್ಮನೆ ಗಿರಕಿ ಹೊಡೆಯುತ್ತದೆ, ಹೊರಗಿನದು ಕೈಕಟ್ಟಿ ಕೂರುತ್ತದೆ. ಅದನ್ನು ತಡೆಯಲು ಒಳಗೆ ದಪ್ಪ ಎಣ್ಣೆ ತುಂಬುತ್ತಾರೆ, ಐದು ಸಾವಿರ, ಏಳು ಸಾವಿರ, ಹತ್ತು ಸಾವಿರದ ಅಂಕಿಯದು. ಹತ್ತು ಸಾವಿರದ್ದು ಜೋನಿಬೆಲ್ಲದ ಹದಕ್ಕೆ ಇಳಿಯುತ್ತದೆ. ದಪ್ಪವಾದಷ್ಟೂ ಎರಡು ಚಕ್ರಗಳು ಒಟ್ಟಿಗೆ ದುಡಿಯುತ್ತವೆ, ಆದರೆ ತಿರುಗಲು ಹಟ ಮಾಡುತ್ತವೆ. ಮೇಸ್ತ್ರಿ ಲಾರಿಯ ಅನುಭವದಿಂದ ದಪ್ಪದ ಪಕ್ಷ, ಅಳಿಯ ತೆಳುವಿನ ಪಕ್ಷ. ನನ್ನ ಮತ ಮೇಸ್ತ್ರಿಗೆ, ಮಂಜಿರುವ ತನಕ ಮಾತ್ರ. ಇದೇ ಕೆಲಸವನ್ನು ಹಲ್ಲುಗಾಲಿಗಳ ಬದಲು ಪುಟ್ಟ ಗುಂಡುಗಳಿಂದ ಮಾಡಿಸುವ ಬಾಲ್ ಡಿಫರೆನ್ಷಿಯಲ್ ಅನ್ನು ಈ ಆಟಕ್ಕೆ ತಂದುಕೊಟ್ಟವನು ಇಂಗ್ಲೆಂಡಿನ ಸೆಸಿಲ್ ಶುಮಾಕರ್. ಹೊರಗಿನ ಒಂದು ಸ್ಕ್ರೂ ತಿರುಗಿಸಿ ಬಿಗಿ ಸಡಿಲ ಮಾಡಬಹುದು, ಎಣ್ಣೆ ಬದಲಿಸುವ ರಗಳೆ ಇಲ್ಲ.

ಚುಕ್ಕಾಣಿಯ ಕೋನ ಹೊಂದಿಸುವಾಗಲೆಲ್ಲ ನನಗೆ ಗೋಕರ್ಣದ ಶಿವರಾತ್ರಿ ತೇರು ನೆನಪಾಗುತ್ತದೆ. ಅಷ್ಟು ದೊಡ್ಡ ರಥಕ್ಕೆ ತಿರುಗುವ ಚಕ್ರವೇ ಇಲ್ಲ. ಮರದ ಅಡ್ಡೆ ಕೊಟ್ಟು, ಹಗ್ಗ ಎಳೆಯುವವರ ಬಲದಿಂದಲೇ ದಾರಿಗೆ ತರಬೇಕು. ಕುದುರೆಗಾಡಿಗಳಿಗೆ ಮುಂದಿನ ಎರಡು ಚಕ್ರಗಳು ಬೇರೆ ಬೇರೆ ಕೋನದಲ್ಲಿ ತಿರುಗುವ ಏರ್ಪಾಡನ್ನು ಮ್ಯೂನಿಕ್ಕಿನ ಗಾಡಿ ಕಟ್ಟುವವನೊಬ್ಬ ಕಂಡುಹಿಡಿದ; ಲಂಡನ್ನಿನಲ್ಲಿ 1818ರಲ್ಲಿ ಅದರ ಪೇಟೆಂಟ್ ಪಡೆದ ಏಜೆಂಟ್ ರುಡಾಲ್ಫ್ ಆಕರ್‌ಮನ್‌ನ ಹೆಸರು ಅದಕ್ಕೆ ಉಳಿಯಿತು. ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು. ಎರಡು ಶತಮಾನ ಕಳೆದು ಆ ಕೋನವನ್ನು ನಾನು ಬೇಣದಲ್ಲಿ ಕೂತು ಎಲ್ಲನ್ ಕೀಯಲ್ಲಿ ತಿದ್ದುತ್ತಿದ್ದೇನೆ. ಹಿಂದಿನ ಚಕ್ರಗಳ ಮೂಗು ಮೂರು ಡಿಗ್ರಿ ಒಳಕ್ಕೆ ಇದ್ದರೆ ಬಗ್ಗಿ ನೇರ ಓಡುತ್ತದೆ. ಮುಂದಿನವು ಕೂದಲೆಳೆಯಷ್ಟು ಹೊರಕ್ಕೆ ಇದ್ದರೆ ತಿರುವಿಗೆ ಚುರುಕಾಗಿ ನುಗ್ಗುತ್ತದೆ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವಂಥದ್ದು ಇಲ್ಲ. ಟೈರು ತಪ್ಪಾಗಿದ್ದರೆ ಈ ಡಿಗ್ರಿಗಳೆಲ್ಲ ಮದುವೆ ಮುರಿದ ಮೇಲಿನ ಜಾತಕ.

ಬಗ್ಗಿ ನಿಜಕ್ಕೂ ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಓಡಿಸಿದವನು ಎಂದೂ ಸರಿಯಾಗಿ ಹೇಳುವುದಿಲ್ಲ. ಒಳಗಿನಿಂದಲೇ ತಿರುಗಿಸಿದೆ ಎಂದು ಆಣೆ ಮಾಡುತ್ತಾನೆ. ನಮ್ಮ ಬೇಣದಲ್ಲಿ ಇದಕ್ಕೊಂದು ನಿಷ್ಪಕ್ಷಪಾತ ಸಾಕ್ಷಿ ಇದೆ. ಎರಡನೆಯ ತಿರುವಿನ ತುಂಬ ಮುಟ್ಟಿದರೆ ಮುನಿ ಹಬ್ಬಿದೆ. ಬಗ್ಗಿ ಹಾದುಹೋದಲ್ಲೆಲ್ಲ ಎಲೆ ಮುದುಡಿ ಗೆರೆ ಬೀಳುತ್ತದೆ, ಹಲವು ನಿಮಿಷ ಹಾಗೇ ಇರುತ್ತದೆ. ತಿರುವಿನ ನಡುವೆ ಗೆರೆ ಹೊರಗೆ ಹಿಗ್ಗಿದ್ದರೆ ಮುಂದಿನ ಚಕ್ರ ಹಿಡಿಯುತ್ತಿಲ್ಲ. ಗೆರೆಯ ತುದಿ ಚಾಮರದ ಹಾಗೆ ಬಿಡಿಸಿಕೊಂಡಿದ್ದರೆ ಹಿಂದಿನದು ಜಾರಿದೆ. ವಿದೇಶದ ಶ್ರೀಮಂತ ಕ್ಲಬ್ಬುಗಳಲ್ಲಿ ಇದಕ್ಕೆ ಕ್ಯಾಮರಾ ಇಡುತ್ತಾರೆ. ನಮ್ಮ ಕ್ಯಾಮರಾಕ್ಕೆ ಮುಳ್ಳಿದೆ ಎಂಬುದೊಂದೇ ಕೊರತೆ. ಬಗ್ಗಿ ಎತ್ತಲು ಓಡಿದ ಹುಡುಗರ ಕಾಲು ನೋಡಿದರೆ ಗೊತ್ತಾಗುತ್ತದೆ.

ಅಳಿಯನ ಪೀಳಿಗೆಗೆ ತಾಳ್ಮೆ ಒಂದು ಬಿಡಿಭಾಗ, ಅಂಗಡಿಯಲ್ಲಿ ಸಿಕ್ಕರೆ ತರೋಣ ಎನ್ನುವಂಥದ್ದು. ಬಗ್ಗಿ ಜಾರಿತು ಎಂದರೆ ಟೈರು ಬದಲಿಸಿ, ಎಣ್ಣೆ ಬದಲಿಸಿ, ಬ್ಯಾಟರಿ ಸರಿಸಿ, ರೆಕ್ಕೆ ಬಾಗಿಸಿ ಎಲ್ಲವನ್ನೂ ಒಟ್ಟಿಗೆ ಮಾಡುತ್ತಾನೆ. ಆಮೇಲೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ. ನಾನು ಹಳೆಯ ಖಾಲಿ ಹಾಜರಿ ಪುಸ್ತಕವೊಂದನ್ನು ತಂದು ಗೆರೆ ಎಳೆದೆ: ಹೊತ್ತು, ಮಂಜು ಇದೆಯೋ ಇಲ್ಲವೋ, ಹುಲ್ಲು ಎಷ್ಟು ಬೆರಳು, ಟೈರು ಯಾವುದು, ಎಣ್ಣೆ ಯಾವುದು, ಬ್ಯಾಟರಿ ಎಲ್ಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಐದು ಸುತ್ತು ಓಟ, ಆಮೇಲೆ ಬರೆಯುವುದು. “ಮಾವ, ಇದು ರೇಸೋ ಪರೀಕ್ಷೆಯೋ?” ಎಂದ. ಹಿರೊಸಾಕಾ ಯಾವ ಸ್ಪ್ರಿಂಗು ಹಾಕಿದ್ದ ಎಂಬ ಪಟ್ಟಿ ಅವನ ಮೊಬೈಲಿನಲ್ಲಿ ಇದೆ. ಇರಲಿ, ಆ ಪಟ್ಟಿಗೆ ನನ್ನ ನಮಸ್ಕಾರ. ಚಾಂಪಿಯನ್ನರ ಪಟ್ಟಿ ಚಾಂಪಿಯನ್ನರ ನೆಲಕ್ಕೆ ಬರೆದದ್ದು. ಚಿರೇಕಲ್ಲಿನ ಮೇಲೆ ನಾಲ್ಕು ಬೆರಳು ಮಣ್ಣು, ಅದರ ಮೇಲೆ ಕರಡದ ಕೂಳೆ, ಅದರ ಮೇಲೆ ಅರಬ್ಬಿ ಸಮುದ್ರದ ಮಂಜು ಇರುವ ಟ್ರ್ಯಾಕಿಗೆ ಪಟ್ಟಿ ಬರೆಯಲು ಅಂಕೋಲೆಯವರೇ ಆಗಬೇಕು. ಈಗ ಹಾಜರಿ ಪುಸ್ತಕ ಕೇಳಿಕೊಂಡು ಕಾರವಾರದಿಂದಲೂ ಹುಡುಗರು ಬರುತ್ತಾರೆ.

ಓಟ ಮುಗಿದ ಮೇಲಿನ ಕೆಲಸವೇ ಹೆಚ್ಚು. ಕರಡದ ನಾರು ಅಚ್ಚಿಗೆ ಸುತ್ತಿ ಸುತ್ತಿ ಹಗ್ಗವಾಗಿ, ಬೇರಿಂಗಿನ ಮುಚ್ಚಳದೊಳಗೆ ತೂರಿಕೊಳ್ಳುತ್ತದೆ. ಈ ಬೇರಿಂಗು ಎಷ್ಟು ದೊಡ್ಡದು ಅಂದರೆ, ಹೊರ ಅಳತೆ ಹತ್ತು ಮಿಲಿಮೀಟರು, ಒಳಗೆ ಐದು, ದಪ್ಪ ನಾಲ್ಕು. ಕನ್ನಡಕ ಹಾಕಿ, ಸೂಜಿ ಹಿಡಿದು, ನಾರು ಎಳೆದು, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು ಒಂದು ತೊಟ್ಟು ಎಣ್ಣೆ ಬಿಡಬೇಕು. ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕುತ್ತಿದ್ದ ನನ್ನ ಅಜ್ಜನ ಕೆಲಸ ಇದಕ್ಕಿಂತ ಬೇಗ ಮುಗಿಯುತ್ತಿತ್ತು. ಇದನ್ನು ಮಾಡದೆ ಮಲಗಿದವರ ಬಗ್ಗಿ ಮುಂದಿನ ವಾರ ಕಿರ್ರೆನ್ನುತ್ತದೆ, ಅವರು ಮೋಟಾರು ಕೆಟ್ಟಿತು ಎಂದುಕೊಂಡು ಹೊಸ ಮೋಟಾರು ತರಿಸುತ್ತಾರೆ. ಸಗಣಿಯ ಬಗ್ಗೆ ಬರೆಯುವುದು ಬೇಡ. ಹಸಿ ಸಗಣಿಯ ಮೇಲೆ ಯಾವ ಟೈರೂ ಹಿಡಿಯುವುದಿಲ್ಲ ಎಂಬಷ್ಟು ಸಾಕು.

ಓಡಿಸುವವರು ಎತ್ತರದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಆಚೆ ತುದಿಯ ತಿರುವು ಕಾಣುವುದಿಲ್ಲ. ನಮಗೆ ಒಂದು ಟ್ರ್ಯಾಕ್ಟರಿನ ಟ್ರಾಲಿ ಸಿಕ್ಕಿದೆ. ಓಟ ಮುಗಿಸಿದವರು ಟ್ರಾಲಿ ಇಳಿದು, ಮುಂದಿನ ಓಟಕ್ಕೆ ಒಂದೊಂದು ತಿರುವಿನಲ್ಲಿ ನಿಂತು, ಉರುಳಿದ ಬಗ್ಗಿಗಳನ್ನು ಎತ್ತಿ ನಿಲ್ಲಿಸಬೇಕು. ಜಗತ್ತಿನೆಲ್ಲೆಡೆ ಇದೇ ಪದ್ಧತಿ, ಗೆದ್ದವನಿಗೂ ವಿನಾಯಿತಿ ಇಲ್ಲ. ಬಗ್ಗಿ ನಮ್ಮಿಂದ ದೂರ ಓಡುವಾಗ ಎಡ ಎಂದರೆ ಎಡ; ನಮ್ಮ ಕಡೆ ಬರುವಾಗ ಎಡ ಎಂದರೆ ಬಲ. ಹುಡುಗರ ಬೆರಳಿಗೆ ಇದು ಒಂದು ಗಂಟೆಯಲ್ಲಿ ಒಗ್ಗುತ್ತದೆ. ನನ್ನ ವಯಸ್ಸಿನವರು ಬಗ್ಗಿಯ ಜೊತೆ ತಾವೂ ಸೊಂಟ ತಿರುಗಿಸುತ್ತಾರೆ, ನೋಡುವವರಿಗೆ ಯಕ್ಷಗಾನದ ಪ್ರವೇಶದಷ್ಟೇ ಮೋಜು. ಹಾಗೆಂದು ಹುಡುಗರೇ ಗೆಲ್ಲುತ್ತಾರೆ ಎಂದಲ್ಲ. ಮಂಜಿರುವ ಓಟದಲ್ಲಿ ಗೆಲ್ಲುವವರು ಬಟನ್ನನ್ನು ಪೂರ್ತಿ ಒತ್ತದವರು. ಹಾಗೆ ಒತ್ತದೆ ಇರಲು ಐವತ್ತು ದಾಟಿದವರಿಗೆ ಸುಲಭ.

ಈ ವರ್ಷ ನಮ್ಮ ಬೇಣದ ಅರ್ಧ ಭಾಗದಲ್ಲಿ ಗೇರು ಸಸಿ ನೆಟ್ಟಿದ್ದಾರೆ, ಯಜಮಾನರದೇ ಜಾಗ, ಅವರ ಹಕ್ಕು. ಟ್ರ್ಯಾಕು ಮೂರು ತಿರುವಿಗೆ ಇಳಿದಿದೆ. ಅಂಕೋಲೆಯ ಆಸುಪಾಸಿನಲ್ಲಿ, ಬೆಲೇಕೇರಿಯಿಂದ ಅಗಸೂರಿನ ತನಕ ಎಲ್ಲಾದರೂ ಸರಿ, ಹುಲ್ಲು ಕೊಯ್ದು ಮುಗಿಸಿದ ಬೇಣ ಇರುವವರು ಕೆಲವು ಭಾನುವಾರ ನಮಗೆ ಬಿಟ್ಟುಕೊಟ್ಟರೆ ಉಪಕಾರವಾಗುತ್ತದೆ. ಪೆಟ್ರೋಲ್ ಹೊಗೆ ಇಲ್ಲ, ಮೈಕಿನ ಗದ್ದಲ ಇಲ್ಲ. ದನ ಮೇಯಲು ಬಂದರೆ ಓಟ ನಿಲ್ಲಿಸುತ್ತೇವೆ. ಹೋಗುವಾಗ ಪೈಪು, ಬೆಂಡು, ಮುರಿದ ಪ್ಲಾಸ್ಟಿಕ್ಕಿನ ಚೂರು ಎಲ್ಲವನ್ನೂ ಆರಿಸಿ ಒಯ್ಯುತ್ತೇವೆ. ದನದ ಹೊಟ್ಟೆಗೆ ಒಂದು ಸ್ಕ್ರೂ ಕೂಡ ಹೋಗಬಾರದು ಎಂಬುದು ನಮ್ಮ ಏಕೈಕ ಕಟ್ಟುನಿಟ್ಟಿನ ನಿಯಮ. ಒಂದೇ ವಿನಂತಿ, ಜನವರಿ ಒಳಗೆ ತಿಳಿಸಿ. ಮಾರ್ಚಿನಲ್ಲಿ ಕರೆದರೆ ನಾವು ಬರುತ್ತೇವೆ, ಆದರೆ ಅಲ್ಲಿ ಹುಲ್ಲಿರುವುದಿಲ್ಲ.